ಬೆಳ್ಳಗಿರುವುದೆಲ್ಲ ಮಂಜಲ್ಲ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಭಾಷಣಕಾರನಲ್ಲ. ವೈಟ್‌ಫೀಲ್ಡ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ವಿಭಾಗದಲ್ಲಿ ಕೆಲಸ ಮಾಡುವವನು. ಈ ಶಾಲೆಯಲ್ಲಿ ಓದುವಾಗ ಪ್ರಾರ್ಥನೆಯ ಹೊತ್ತಿನಲ್ಲಿ ಸುದ್ದಿ ಓದುವ ಸರದಿ ಬಂದರೆ ಹೊಟ್ಟೆನೋವು ಅಂತ ಮನೆಯಲ್ಲೇ ಉಳಿಯುತ್ತಿದ್ದೆ. ಇವತ್ತು ತಪ್ಪಿಸಿಕೊಳ್ಳಲು ಆಗಲಿಲ್ಲ. ಸಮಿತಿಯವರು ನಾನು ತೆಗೆದ ಹದಿನಾಲ್ಕು ಫೋಟೋಗಳನ್ನು ಎಂಟನೇ ತರಗತಿಯ ಕೊಠಡಿಯಲ್ಲಿ ತೂಗುಹಾಕಿದ್ದಾರೆ. ಅವುಗಳ ಬಗ್ಗೆ ಹದಿನೈದು ನಿಮಿಷ ಮಾತಾಡಿ ಅಂದಿದ್ದಾರೆ. ಅವುಗಳಲ್ಲಿ ಹದಿಮೂರು ಚಳಿಗಾಲದ ಮುಂಜಾವದಲ್ಲಿ ನಂದಿ ಬೆಟ್ಟದ ಕಡೆ ತೆಗೆದ ಮಂಜಿನ ಫೋಟೋಗಳು. ಹದಿನಾಲ್ಕನೆಯದು ಮಾತ್ರ ಬೆಟ್ಟದ್ದಲ್ಲ. ಅದರ ವಿಷಯ ಕೊನೆಗೆ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಅದನ್ನು ಹೇಳುವುದಕ್ಕೆಂದೇ ಇಲ್ಲಿ ನಿಂತಿದ್ದೇನೆ.

ನಮ್ಮ ಕಾಲದಲ್ಲಿ ಮಂಜು ನೋಡಲು ಬೆಟ್ಟಕ್ಕೆ ಹೋಗಬೇಕಿರಲಿಲ್ಲ. ಅದು ನಮ್ಮ ಹೊಲಕ್ಕೇ ಬರುತ್ತಿತ್ತು. ಧನುರ್ಮಾಸದಲ್ಲಿ ಅಮ್ಮ ಕತ್ತಲಿರುವಾಗಲೇ ಎಬ್ಬಿಸಿ ದೇವಸ್ಥಾನಕ್ಕೆ ಕಳಿಸುತ್ತಿದ್ದರು. ಭಕ್ತಿಗಿಂತ ಹೆಚ್ಚಾಗಿ ಬಿಸಿ ಹುಗ್ಗಿಯ ಆಸೆಗೆ ನಾವು ಓಡುತ್ತಿದ್ದೆವು. ಕಣದಲ್ಲಿ ರಾಗಿ ಮೆದೆಯ ಮೇಲೆ ಬಿಳಿ ಹೊದಿಕೆ ಹಾಸಿದ ಹಾಗೆ ಮಂಜು ಕೂತಿರುತ್ತಿತ್ತು. ಅವರೆಕಾಯಿ ಬಿಡಿಸಲು ಹೋದರೆ ಮೊಣಕೈವರೆಗೆ ಒದ್ದೆ. ಮಂಜು ಚೆನ್ನಾಗಿ ಬಿದ್ದರೇ ಅವರೆಗೆ ಸೊಗಡು ಅನ್ನುತ್ತಿದ್ದರು ನಮ್ಮಜ್ಜಿ. ಕೆರೆ ಏರಿಯ ಮೇಲೆ ಶಾಲೆಗೆ ಬರುವಾಗ ಶಾಲೆ ಕಾಣುವ ಮೊದಲು ಗಂಟೆ ಕೇಳುತ್ತಿತ್ತು. ನನ್ನ ಜೊತೆ ಓದಿದವರಿಗೆ ಇದು ನೆನಪಿರಬೇಕು.

ಬೆಟ್ಟದ ಮಂಜಿನ ಆಸೆ ಹತ್ತಿದ್ದು ಹತ್ತನೇ ತರಗತಿಯ ಪ್ರವಾಸದಲ್ಲಿ. ಅದು 1986. ಆ ವರ್ಷ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಸಮ್ಮೇಳನ ನಡೆದಿತ್ತು. ದಕ್ಷಿಣ ಏಷ್ಯಾದ ದೇಶಗಳ ನಾಯಕರು ನಂದಿ ಬೆಟ್ಟಕ್ಕೂ ಹೋಗಿದ್ದರು. ಅವರು ಹೋಗಿಬಂದ ಬೆಟ್ಟಕ್ಕೆ ನಾವೂ ಹೋಗೋಣ ಅಂತ ಮೇಷ್ಟ್ರುಗಳನ್ನು ಕಾಡಿ ಬೇಡಿ ಡಿಸೆಂಬರಿನಲ್ಲಿ ಒಂದು ಬಸ್ಸು ಮಾಡಿಸಿದೆವು. ಆರಕ್ಕೆ ಹೊರಡಬೇಕಿದ್ದ ಬಸ್ಸು ಹೊರಟಿದ್ದು ಏಳೂವರೆಗೆ. ಮೇಲೆ ಮುಟ್ಟುವ ಹೊತ್ತಿಗೆ ಹತ್ತಾಗಿತ್ತು. ಟಿಪ್ಪು ಡ್ರಾಪ್ ನೋಡಿದೆವು, ಯೋಗನಂದೀಶ್ವರನಿಗೆ ಕೈಮುಗಿದೆವು, 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಬಂದು ತಂಗಿದ್ದ ಮನೆ ನೋಡಿದೆವು, ಕೋತಿಗಳಿಗೆ ಚಿತ್ರಾನ್ನ ಕಳೆದುಕೊಂಡೆವು. ಅಲ್ಲಿ ಕಡಲೆಕಾಯಿ ಮಾರುತ್ತಿದ್ದ ಮುದುಕಿಯೊಬ್ಬಳು, "ಈಗ ಬಂದ್ರಾ? ಬೆಳಿಗ್ಗೆ ಬಂದಿದ್ರೆ ಕೆಳಗೆಲ್ಲ ಸಮುದ್ರ ಇತ್ತು ಕಣ್ರಪ್ಪಾ" ಅಂದಳು. ನಮಗೆ ನಗು ಬಂತು. ಚಿಕ್ಕಬಳ್ಳಾಪುರದಲ್ಲಿ ಎಲ್ಲಿಯ ಸಮುದ್ರ?

ನಗದೆ ಇದ್ದವರು ನಮ್ಮ ವಿಜ್ಞಾನದ ಮೇಷ್ಟ್ರು ಒಬ್ಬರೇ. ಅವರು ಇಲ್ಲೇ ಮುಂದೆ ಕೂತಿದ್ದಾರೆ. ಹೆಸರು ಹೇಳಬೇಡ ಅಂತ ಬೆಳಿಗ್ಗೆಯೇ ಕಟ್ಟಪ್ಪಣೆ ಆಗಿದೆ, ಹೇಳುವುದಿಲ್ಲ. ಸೋಮವಾರ ತರಗತಿಗೆ ಅವರು ಒಂದು ಸ್ಟೀಲ್ ಲೋಟ, ಐಸ್ ಕ್ಯಾಂಡಿ ಮಾರುವವನ ಹತ್ತಿರ ಇಸಿದುಕೊಂಡ ಮಂಜುಗಡ್ಡೆ ತಂದರು. ಲೋಟಕ್ಕೆ ಗಡ್ಡೆ ಹಾಕಿ ಮೇಜಿನ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ಲೋಟದ ಹೊರಮೈ ಬೆವರಿತು. "ನೀರು ಲೋಟದಿಂದ ಸೋರಿತಾ?" ಅಂತ ಕೇಳಿದರು. ಸೋರಿಲ್ಲ. ಹಾಗಾದರೆ ಎಲ್ಲಿಂದ ಬಂತು? "ಈ ಕೊಠಡಿಯ ಗಾಳಿಯಲ್ಲೇ ಇತ್ತು. ನಿಮ್ಮ ಕಣ್ಣಿಗೆ ಕಾಣುತ್ತಿರಲಿಲ್ಲ. ತಣ್ಣಗಾದ ಮೇಲೆ ಕಂಡಿತು. ಆ ಅಜ್ಜಿ ಹೇಳಿದ ಸಮುದ್ರವೂ ಅದೇ."

ಚಳಿಗಾಲದಲ್ಲಿ ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡವಿದ್ದರೆ ಅದು ಕಂಬಳಿಯ ಹಾಗೆ ಬಿಸಿಯನ್ನು ತಡೆಯುತ್ತದೆ. ನೆಲ ತಣ್ಣಗಾದರೆ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆ ಗಾಳಿ ಭಾರ. ಅದು ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ, ಕೆರೆ ಬಯಲಿನಲ್ಲಿ ನಿಲ್ಲುತ್ತದೆ. ಆ ಗಾಳಿಯಲ್ಲಿ ಕೆರೆಯ, ಗದ್ದೆಯ, ಗಿಡದ ತೇವ ಇದ್ದರೆ ಅದು ಸಣ್ಣ ಸಣ್ಣ ಹನಿಯಾಗುತ್ತದೆ. ಒಂದೊಂದು ಹನಿ ನಮ್ಮ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಚಿಕ್ಕದು. ಒಂದು ಘನ ಮೀಟರ್ ಮಂಜಿನಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಂ ನೀರು ಕೂಡ ಇರುವುದಿಲ್ಲ. ನಮ್ಮ ಎಂಟನೇ ತರಗತಿ ಕೊಠಡಿಯ ತುಂಬ ಮಂಜು ತುಂಬಿಸಿ, ಅದನ್ನೆಲ್ಲ ಹಿಂಡಿ ನೀರು ಮಾಡಿದರೂ ಅರ್ಧ ಲೋಟ ಆಗಬಹುದು. ಆ ಅರ್ಧ ಲೋಟ ನೀರು ಎದುರಿನ ಗೋಡೆಯನ್ನೇ ಮಸುಕು ಮಾಡುತ್ತದೆ. ಇದನ್ನು ನೆನಪಿಡಿ ಮಕ್ಕಳೇ, ಪರೀಕ್ಷೆಗೆ ಬರದಿದ್ದರೂ.

ಆಮೇಲೆ ಐಟಿಐ, ಕೆಲಸ, ಶಿಫ್ಟು, ಮದುವೆ. ಅಜ್ಜಿಯ ಸಮುದ್ರ ತಲೆಯಲ್ಲೇ ಉಳಿದಿತ್ತು. 1998ರಲ್ಲಿ ಬೋನಸ್ ಬಂದಾಗ ಒಂದು ಸೆಕೆಂಡ್ ಹ್ಯಾಂಡ್ ಪೆಂಟ್ಯಾಕ್ಸ್ ಕೆ1000 ಕ್ಯಾಮೆರಾ ತೆಗೆದುಕೊಂಡೆ. ಮನೆಯಲ್ಲಿ ಅದಕ್ಕೆ ಬೈಸಿಕೊಂಡಿದ್ದು ಬೇರೆ ಕತೆ. ಡಿಸೆಂಬರಿನ ಒಂದು ರಾತ್ರಿ ಸೆಕೆಂಡ್ ಶಿಫ್ಟ್ ಮುಗಿಸಿ, ಎರಡು ಗಂಟೆ ನಿದ್ದೆ ಮಾಡಿ, ಮೂರೂವರೆಗೆ ಬೈಕ್ ಹತ್ತಿದೆ. ಹೊಸಕೋಟೆ, ಸೂಲಿಬೆಲೆ, ವಿಜಯಪುರ ದಾಟಿ ನಂದಿ. ಆ ದಾರಿಯಲ್ಲಿ ಬೈಕಿನಲ್ಲಿ ಹೋದವರಿಗೆ ಗೊತ್ತು, ಒಂದೊಂದು ಕೆರೆಯ ತಗ್ಗಿಗೆ ಇಳಿದ ಕೂಡಲೇ ತಣ್ಣನೆ ಗಾಳಿ ಎದೆಗೆ ಹೊಡೆಯುತ್ತದೆ. ಏರು ಹತ್ತಿದರೆ ಮತ್ತೆ ಬೆಚ್ಚಗಾಗುತ್ತದೆ. ಮೇಷ್ಟ್ರು ಹೇಳಿದ ಪಾಠ ಆ ದಿನ ನನ್ನ ಎದೆಗೂಡಿಗೆ ಅರ್ಥವಾಯಿತು.

ನಂದಿ ಬೆಟ್ಟದ ಎತ್ತರ 1478 ಮೀಟರ್. ಬೆಂಗಳೂರು ಇರುವುದು ಸುಮಾರು 900 ಮೀಟರ್ ಮೇಲೆ. ಅಂದರೆ ಬಯಲಿನ ಮಂಜಿಗೆ ತಲೆ ಎತ್ತಿ ನಿಲ್ಲುವಷ್ಟು ಎತ್ತರ ಬೆಟ್ಟಕ್ಕಿದೆ. ಮಳೆಗಾಲದಲ್ಲಿ ನಂದಿಯಲ್ಲಿ ಕಾಣುವುದು ಬೇರೆ. ಅದು ಬೆಟ್ಟಕ್ಕೇ ಬಡಿಯುವ ಮೋಡ. ಅದರೊಳಗೆ ನಾವೇ ನಿಂತಿರುತ್ತೇವೆ, ಪಕ್ಕದವರ ಮುಖ ಕಾಣುವುದಿಲ್ಲ. ಚಳಿಗಾಲದಲ್ಲಿ ಮಂಜು ಕೆಳಗೆ, ನಾವು ಮೇಲೆ. ಆ ದಿನ ಬೆಳಗಾಗುವಾಗ ನೋಡಿದೆ. ದ್ರಾಕ್ಷಿ ತೋಟ, ನೀಲಗಿರಿ ತೋಪು, ಊರು, ಕೆರೆ ಯಾವುದೂ ಇರಲಿಲ್ಲ. ಒಂದೇ ಬಿಳುಪು. ಅದರ ಮೇಲೆ ಸುತ್ತಲಿನ ಬೆಟ್ಟಗಳ ತಲೆ ಮಾತ್ರ ದ್ವೀಪಗಳ ಹಾಗೆ ನಿಂತಿದ್ದವು. ನಮ್ಮಲ್ಲಿ ಕೆಲವರು ಸ್ಕಂದಗಿರಿ ಅನ್ನುವ ಕಳವಾರದ ದುರ್ಗವೂ ಅವುಗಳಲ್ಲಿ ಒಂದು. ಕಡಲೆಕಾಯಿ ಅಜ್ಜಿ ಸುಳ್ಳು ಹೇಳಿರಲಿಲ್ಲ.

ಮೂವತ್ತಾರು ಫೋಟೋ ತೆಗೆದೆ. ರೋಲ್ ತೊಳೆಸಿ ನೋಡಿದರೆ ಮೂವತ್ತಾರೂ ರಾಗಿ ಅಂಬಲಿಯ ಬಣ್ಣ. ಅಳು ಬಂತು. ಸ್ಟುಡಿಯೋ ಇಟ್ಟುಕೊಂಡಿದ್ದ ಹಿರಿಯರೊಬ್ಬರು ನೆಗೆಟಿವ್ ನೋಡಿ ನಕ್ಕರು. "ಕ್ಯಾಮೆರಾದ ಮೀಟರ್‌ಗೆ ಬಿಳಿ ಅಂದರೆ ಗೊತ್ತಿಲ್ಲಪ್ಪ. ಎದುರಿಗೆ ಏನೇ ಇದ್ದರೂ ಅದು ಸರಾಸರಿ ಬೂದು ಅಂತಲೇ ತಿಳಿಯುತ್ತದೆ. ಮಂಜನ್ನು ಮಂಜಿನ ಹಾಗೆ ತೋರಿಸಬೇಕಾದರೆ ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚು ಬೆಳಕು ಕೊಡು" ಅಂದರು. ಇವತ್ತು ನಿಮ್ಮ ಕೈಯಲ್ಲಿರುವ ಮೊಬೈಲ್ ಫೋನಿಗೂ ಇದೇ ಮಾತು. ಮಂಜಿನ ಮೇಲೆ ಬೆರಳಿಟ್ಟು ಬೆಳಕಿನ ಗುರುತನ್ನು ಸ್ವಲ್ಪ ಮೇಲಕ್ಕೆ ಎಳೆಯಿರಿ, ಅಷ್ಟೇ.

ಅಲ್ಲಿಂದ ಇಪ್ಪತ್ತು ವರ್ಷಕ್ಕೂ ಮೀರಿ ಹೋಗಿದ್ದೇನೆ. ಒಂದು ಚಳಿಗಾಲಕ್ಕೆ ಹತ್ತು ಸಲ ಹೋದರೆ ಎರಡು ಸಲ ಮಂಜು ಸಿಕ್ಕರೆ ನನ್ನ ಪುಣ್ಯ. ಕಲಿತದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮಳೆ ಬಂದು ನೆಲ ನೆನೆದು, ಆಮೇಲೆ ಆಕಾಶ ತಿಳಿಯಾದ ರಾತ್ರಿಯನ್ನು ಆರಿಸಿಕೊಳ್ಳಬೇಕು. ಮಲಗುವ ಮುಂಚೆ ಅಂಗಳಕ್ಕೆ ಬಂದು ನೋಡಿ: ನಕ್ಷತ್ರ ಚೆನ್ನಾಗಿ ಕಾಣಬೇಕು, ತೆಂಗಿನ ಗರಿ ಅಲ್ಲಾಡಬಾರದು. ಡಿಸೆಂಬರ್ 21ರ ಸುಮಾರಿಗೆ ಹಗಲು ಅತಿ ಚಿಕ್ಕದು, ಆದರೆ ಸೂರ್ಯ ಅತಿ ತಡವಾಗಿ ಹುಟ್ಟುವುದು ಆಗಲ್ಲ. ನಮ್ಮ ಕಡೆ ಡಿಸೆಂಬರ್ ಕೊನೆಗೆ 6.40ರ ಆಸುಪಾಸು ಹುಟ್ಟಿದರೆ, ಜನವರಿ ಮೂರನೇ ವಾರಕ್ಕೆ 6.45 ಆಗುತ್ತದೆ. ಸಂಕ್ರಾಂತಿ ಕಳೆದ ಮೇಲೂ ಆಸೆ ಬಿಡಬೇಕಾಗಿಲ್ಲ. ಲೆನ್ಸಿಗೆ ಒರೆಸುವ ಬಟ್ಟೆ ಎರಡು ಇರಲಿ, ಒಂದು ಒದ್ದೆಯಾಗುತ್ತದೆ. ತಣ್ಣಗಿರುವ ಕ್ಯಾಮೆರಾವನ್ನು ಬಿಸಿ ಕಾಫಿ ಹೋಟೆಲಿನೊಳಗೆ ತೆಗೆಯಬೇಡಿ, ಮೇಷ್ಟ್ರ ಸ್ಟೀಲ್ ಲೋಟದ ಹಾಗೆ ಅದೂ ಬೆವರುತ್ತದೆ. ಕಾಲು ಮೊದಲು, ಟ್ರೈಪಾಡ್ ಆಮೇಲೆ. ಬಂಡೆ ತುಂಬ ಜಾರುತ್ತದೆ, ತುದಿಗೆ ಹೋಗಬೇಡಿ. ಬೆಟ್ಟದಲ್ಲಿ ಜೀವಕ್ಕಿಂತ ದೊಡ್ಡ ಫೋಟೋ ಇಲ್ಲ.

ಎಲ್ಲಕ್ಕಿಂತ ದೊಡ್ಡದು ಕಾಯುವುದು. ಭಾನುವಾರ ಗೇಟು ತೆರೆಯುವ ಮೊದಲೇ ಕೆಳಗೆ ಗಾಡಿಗಳ ಸಾಲು ನಿಂತಿರುತ್ತದೆ. ಎಲ್ಲರೂ ಓಡಿ ಬಂದು ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಕೆಂಪು ಬಿಲ್ಲೆ ಮೇಲೆದ್ದ ಕೂಡಲೇ ಓಹೋ ಅನ್ನುತ್ತಾರೆ, ಸೆಲ್ಫಿ ತೆಗೆದುಕೊಂಡು ತಟ್ಟೆ ಇಡ್ಲಿಗೆ ಇಳಿದುಬಿಡುತ್ತಾರೆ. ಮಂಜಿನ ಕೆಲಸ ಶುರುವಾಗುವುದೇ ಆಮೇಲೆ. ಬಿಸಿಲು ತಾಗಿ ನೆಲ ಬೆಚ್ಚಗಾದಾಗ ಚಪ್ಪಟೆಯಾಗಿ ಮಲಗಿದ್ದ ಮಂಜು ಏಳಲು ತೊಡಗುತ್ತದೆ. ಒಂದು ತೆಂಗಿನ ತೋಪಿನ ತಲೆ ಕಾಣುತ್ತದೆ, ಮುಚ್ಚುತ್ತದೆ. ಒಂದು ಕೆರೆ ಕನ್ನಡಿಯ ಹಾಗೆ ಹೊಳೆದು ಮರೆಯಾಗುತ್ತದೆ. ಆ ಮುಕ್ಕಾಲು ಗಂಟೆಯಲ್ಲಿ ಸೂರ್ಯನಿಗೆ ಬೆನ್ನು ಹಾಕಿ ನಿಂತವನಿಗೆ ಸಿಕ್ಕ ಫೋಟೋಗಳೇ ಒಳಗೆ ತೂಗಾಡುತ್ತಿರುವ ಹದಿಮೂರು.

ಈ ಹುಚ್ಚು ನನ್ನೊಬ್ಬನದಲ್ಲ. ಬೆಂಗಳೂರು ಫೋಟೋ ಕಲೆಗೆ ಹೆಸರಾದ ಊರು. 1953ರಲ್ಲಿ ದೇಶದ ಫೋಟೋಗ್ರಾಫಿ ಸಂಘಗಳೆಲ್ಲ ಸೇರಿ ಒಕ್ಕೂಟ ಕಟ್ಟಿಕೊಂಡಾಗ ಮುಂದೆ ನಿಂತವರು ಇದೇ ಊರಿನ ಡಾ. ಜಿ. ಥಾಮಸ್. ಕಾಡುಪ್ರಾಣಿಗಳ ಫೋಟೋಗೆ ಜಗತ್ತಿನಲ್ಲೆಲ್ಲ ಹೆಸರಾದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಇಲ್ಲಿಯವರೇ. ಇಂಥವರ ಪ್ರದರ್ಶನಗಳನ್ನು ನೋಡುತ್ತ ನೋಡುತ್ತ ಒಂದು ನಿಯಮ ತಿಳಿಯಿತು. ಸ್ಪರ್ಧೆಗಳ ನಿಸರ್ಗ ವಿಭಾಗದಲ್ಲಿ ಚಿತ್ರದಲ್ಲಿ ಇಲ್ಲದ್ದನ್ನು ಸೇರಿಸುವಂತಿಲ್ಲ, ಇದ್ದದ್ದನ್ನು ಅಳಿಸುವಂತಿಲ್ಲ. ಅಂಚು ಕತ್ತರಿಸಬಹುದು. ಈ ಕೊನೆಯ ಮಾತು ನೆನಪಿರಲಿ, ಅದರಲ್ಲೇ ನಾನು ಜಾರಿದ್ದು.

ಇನ್ನು ಹದಿನಾಲ್ಕನೇ ಫೋಟೋ.

ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆಯ ಮೇಲೆ ಹಾದು ನಮ್ಮ ಸೀಮೆಯ ಪಕ್ಕದಲ್ಲೇ ತಮಿಳುನಾಡಿಗೆ ಇಳಿಯುತ್ತದೆ. ಬೆಳ್ಳಂದೂರು ಕೆರೆ ತುಂಬಿದರೆ ನೀರು ವರ್ತೂರು ಕೆರೆಗೆ, ವರ್ತೂರು ಕೋಡಿ ಬಿದ್ದರೆ ಇದೇ ಪಿನಾಕಿನಿಗೆ. ಬೆಟ್ಟದ ನೀರಿಗೂ ನಮ್ಮ ಕೆರೆಯ ನೀರಿಗೂ ಹೀಗೆ ಹಳೆಯ ನಂಟು. ಬೆಂಗಳೂರು ಬೆಳೆಯಿತು. ಮನೆ ಮನೆಯ ಬಚ್ಚಲು, ಬಟ್ಟೆ ಒಗೆದ ಸೋಪಿನ ನೀರು ಶುದ್ಧವಾಗದೆ ಕೆರೆಗೆ ಇಳಿಯಿತು. ಆ ನೀರು ಕೋಡಿಯಲ್ಲಿ ಮೇಲಿಂದ ಬಿದ್ದು ಕಡೆದಂತಾದಾಗ ನೊರೆ ಎದ್ದಿತು. 2015ರಲ್ಲಿ ವರ್ತೂರಿನ ನೊರೆ ರಸ್ತೆಗೆ ಹಾರಿ ಬಂದದ್ದನ್ನು ದೇಶವೇ ಟಿವಿಯಲ್ಲಿ ನೋಡಿತು. ಬೆಳ್ಳಂದೂರು ಕೆರೆಯಲ್ಲಿ ಅದೇ ವರ್ಷ ಬೆಂಕಿ ಕಾಣಿಸಿತು, 2017ರ ಫೆಬ್ರವರಿಯಲ್ಲಿ ಮತ್ತೆ. ನೀರಿಗೆ ಬೆಂಕಿ ಬಿದ್ದದ್ದನ್ನು ನಮ್ಮಜ್ಜಿ ಕೇಳಿದ್ದರೆ ಕಲಿಗಾಲ ಅನ್ನುತ್ತಿದ್ದರು.

2015ರ ಚಳಿಗಾಲದಲ್ಲಿ ಒಂದು ಮುಂಜಾನೆ ನಂದಿಗೆ ಹೊರಟವನು ಬೈಕ್ ಕೆಟ್ಟು ಕೆರೆಯ ಹತ್ತಿರವೇ ನಿಂತೆ. ಸೂರ್ಯ ಹುಟ್ಟುತ್ತಿದ್ದ. ಕೆರೆಯ ಮೇಲೆ ನೊರೆಯ ರಾಶಿ ಗಾಳಿಗೆ ತೇಲುತ್ತಿತ್ತು, ಅದರ ತುದಿಗೆ ಕೆಂಪು ಬೆಳಕು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಫೋಟೋ ತೆಗೆದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಎಡಕ್ಕೆ ಕೋಡಿಯ ಗೋಡೆ, ಕೆಳಗೆ ಪ್ಲಾಸ್ಟಿಕ್ ಕವರುಗಳು. ಎರಡನ್ನೂ ಕತ್ತರಿಸಿದೆ. ಉಳಿದದ್ದು ನೋಡಲು ಸ್ವರ್ಗ. ಫೋಟೋಗೆ ವಾಸನೆ ಇಲ್ಲವಲ್ಲ.

ಆ ವರ್ಷ ನಾನು ಕೆಲಸ ಮಾಡುವ ಕಡೆ ಕ್ಯಾಲೆಂಡರಿಗೆ ನೌಕರರ ಫೋಟೋ ಕೇಳಿದ್ದರು. ನಂದಿಯ ಐದು ಫೋಟೋಗಳ ಜೊತೆ ಇದನ್ನೂ ಕಳಿಸಿದೆ. ಹೆಸರು ಕೊಡಲಿಲ್ಲ. ಎಲ್ಲೋ ದೂರದ ಊರಿನಲ್ಲಿ ಕ್ಯಾಲೆಂಡರ್ ವಿನ್ಯಾಸ ಮಾಡಿದವರು ಆರರಲ್ಲಿ ಅದನ್ನೇ ಆರಿಸಿ, ಜನವರಿ ತಿಂಗಳಿಗೆ ಹಾಕಿ, ಕೆಳಗೆ "ಮಂಜಿನ ಮುಂಜಾನೆ" ಅಂತ ಅಚ್ಚು ಮಾಡಿದರು. ನನ್ನ ಹೆಸರೂ ಇತ್ತು. ಐದು ಸಾವಿರ ರೂಪಾಯಿ ಬಹುಮಾನವೂ ಬಂತು. ಅದು ಮಂಜಲ್ಲ ಅಂತ ಹೇಳಲು ನನಗೆ ಬಾಯಿ ಇತ್ತು. ಹೇಳಲಿಲ್ಲ. ಸುಳ್ಳು ನಾನು ಬರೆದದ್ದಲ್ಲವಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಜನವರಿಯಲ್ಲಿ ತುಮಕೂರು ಕಡೆಯ ಒಬ್ಬ ಸಹೋದ್ಯೋಗಿ ಫೋನ್ ಮಾಡಿದರು. "ಅಣ್ಣಾ, ಆ ಕೆರೆ ಎಲ್ಲಿದೆ? ಭಾನುವಾರ ಮಕ್ಕಳನ್ನ ಕರ್ಕೊಂಡು ಬರ್ತೀನಿ, ತೋರಿಸಿ" ಅಂದರು. ಏನು ಹೇಳಲಿ? ಊರಲ್ಲಿರುವುದಿಲ್ಲ ಅಂದೆ. ಶಾಲೆಯಲ್ಲಿ ಸುದ್ದಿ ಓದುವುದನ್ನು ತಪ್ಪಿಸಿಕೊಳ್ಳುತ್ತಿದ್ದ ಅದೇ ಹೊಟ್ಟೆನೋವು.

ಅದಾದ ಒಂದು ವಾರಕ್ಕೆ ಸಂಜೆ ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ನಿವೃತ್ತರಾಗಿ ವರ್ಷಗಳಾಗಿದ್ದವು. ಕಟಿಂಗ್ ಶಾಪಿನಲ್ಲಿ ಆ ಕ್ಯಾಲೆಂಡರ್ ನೋಡಿ, ಕೇಳಿ ಇಸಿದುಕೊಂಡು, ಸುರುಳಿ ಸುತ್ತಿ ತಂದಿದ್ದರು. ಕಾಫಿ ಕುಡಿದು, ಕನ್ನಡಕ ಹಾಕಿಕೊಂಡು, ಜನವರಿ ಪುಟವನ್ನು ಮೇಜಿನ ಮೇಲೆ ಹರಡಿದರು.

"ಇದು ಯಾವ ಬೆಟ್ಟದ ಕೆರೆ ಮಗು?"

ನಾನು ಸುಮ್ಮನಿದ್ದೆ.

"ಮಂಜು ಅಂದರೆ ಹನಿ. ಬೆಳಕು ಅದರೊಳಗೆ ಚದುರುತ್ತದೆ. ಅದಕ್ಕೆ ಅಂಚಿಲ್ಲ, ದೂರ ಹೋದಷ್ಟೂ ತೆಳುವಾಗುತ್ತದೆ. ಇಲ್ಲಿ ನೋಡು, ಈ ಬಿಳಿ ರಾಶಿಗೆ ಚಾಕುವಿನಲ್ಲಿ ಕೊಯ್ದ ಹಾಗೆ ಅಂಚಿದೆ. ನೀರಿನ ಮೇಲೆ ಕಪ್ಪಗೆ ನೆರಳು ಬಿದ್ದಿದೆ. ಹಿಂದಿನ ಮರ ಎಲೆ ಎಲೆಯಾಗಿ ಸ್ಪಷ್ಟ ಕಾಣುತ್ತಿದೆ. ಮಂಜಿದ್ದರೆ ಮರ ಹೀಗೆ ಕಾಣುತ್ತಿತ್ತಾ? ಇದು ನಮ್ಮ ಕೆರೆ ಅಲ್ಲವೇನಪ್ಪಾ?"

ಹೌದು ಸಾರ್ ಅಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. "ಫೋಟೋ ಚೆನ್ನಾಗಿದೆ. ನೀನು ಏನನ್ನೂ ಸೇರಿಸಿಲ್ಲ. ಆದರೆ ಮನೆಯಲ್ಲಿ ಕಾಯಿಲೆ ಮಲಗಿದವರಿಗೆ ಪೌಡರ್ ಹಾಕಿ ಹೊರಗೆ ಕೂರಿಸಿ, ನೋಡಿ ನಮ್ಮ ತಾಯಿ ಎಷ್ಟು ಬೆಳ್ಳಗಿದ್ದಾರೆ ಅಂದ ಹಾಗಾಯಿತು" ಅಂದರು. ಕ್ಯಾಲೆಂಡರನ್ನು ನನ್ನ ಮನೆಯಲ್ಲೇ ಬಿಟ್ಟು ಹೋದರು.

ಮಾರನೆಯ ದಿನ ಸಂಬಂಧಪಟ್ಟವರಿಗೆ ಹೋಗಿ ಹೇಳಿದೆ. "ಅಚ್ಚಾಗಿ ಹಂಚಿಯಾಗಿದೆ, ಯಾರಿಗೆ ಗೊತ್ತಾಗುತ್ತೆ ಬಿಡಿ" ಅಂದರು. ತುಮಕೂರಿನವರಿಗೆ ಫೋನ್ ಮಾಡಿ ನಿಜ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾದ್ರೂ ಬರ್ತೀನಿ ಅಣ್ಣಾ, ಮಕ್ಕಳಿಗೆ ಅದನ್ನೂ ತೋರಿಸ್ಬೇಕು" ಅಂದರು. ಬಂದರು. ಆ ಮಕ್ಕಳು ಮೂಗು ಹಿಡಿದುಕೊಂಡು ಕೇಳಿದ ಪ್ರಶ್ನೆ ಒಂದೇ: "ಇದನ್ನ ಯಾರು ಹಾಕಿದ್ದು?" ನನ್ನ ಮನೆಯ ಸೋಪಿನ ನೀರೂ ಅದರಲ್ಲಿ ಇತ್ತು ಅಂತ ಉತ್ತರ ಕೊಟ್ಟೆ. ಅದೂ ನಿಜವೇ.

ಆಮೇಲೆ ಹಸಿರು ನ್ಯಾಯಮಂಡಳಿಯವರೆಗೆ ವಿಷಯ ಹೋಗಿ, ಎರಡೂ ಕೆರೆಗಳ ಹೂಳೆತ್ತುವ ಕೆಲಸ ಶುರುವಾದದ್ದು ನಿಮಗೆ ಗೊತ್ತು. ಇನ್ನೊಂದು ವಿಚಿತ್ರವನ್ನೂ ಕೇಳಿ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಹೆಬ್ಬಾಳ–ನಾಗವಾರ ಕಣಿವೆಯ ನೀರು ಚಿಕ್ಕಬಳ್ಳಾಪುರದ ಕಡೆಗೆ ಹೋಗುತ್ತಿದೆ. ಅಂದರೆ ನಂದಿಯ ಸೀಮೆಯಲ್ಲಿ ಇವತ್ತು ಏಳುವ ಮಂಜಿನ ಒಂದು ಪಾಲಿಗೆ ನಾವು ಬಚ್ಚಲಿಗೆ ಬಿಟ್ಟ ನೀರೂ ತೇವ ಕೊಡುತ್ತಿರಬಹುದು. ನಾವು ಕೆಳಗೆ ಏನು ಬಿಡುತ್ತೇವೋ ಅದು ಯಾವುದೋ ಒಂದು ರೂಪದಲ್ಲಿ ಮೇಲೆ ಬಂದೇ ಬರುತ್ತದೆ. ಬೆಟ್ಟದ ಮೇಲೆ ನಿಂತಾಗಲೂ ಈಗ ಬರೀ ಬಿಳುಪು ನೋಡುವುದಿಲ್ಲ. ಬಿಳಿ ಹೊದಿಕೆಯ ಮೇಲೆ ಒಮ್ಮೊಮ್ಮೆ ಕಂದು ಗೆರೆ ಎಳೆದ ಹಾಗೆ ಒಂದು ಪಟ್ಟಿ ಕಾಣುತ್ತದೆ. ಅದು ಹೊಗೆ ಮತ್ತು ದೂಳು. ತಣ್ಣನೆ ಗಾಳಿಯ ಮೇಲೆ ಬೆಚ್ಚನೆ ಗಾಳಿ ಮುಚ್ಚಳದ ಹಾಗೆ ಕೂತಾಗ ಅದು ಮೇಲೆ ಹೋಗಲಾರದೆ ಅಲ್ಲೇ ನಿಲ್ಲುತ್ತದೆ. ಮೊದಲು ಅದನ್ನು ಕಂಪ್ಯೂಟರಿನಲ್ಲಿ ತಿದ್ದಿ ಮಸುಕು ಮಾಡುತ್ತಿದ್ದೆ. ಈಗ ಹಾಗೇ ಬಿಡುತ್ತೇನೆ. ಒಂಬತ್ತನೇ ಫೋಟೋದಲ್ಲಿ ನೋಡಿ, ಆ ಪಟ್ಟಿ ಇದೆ.

ಒಳಗಿರುವ ಹದಿನಾಲ್ಕು ಫೋಟೋಗಳ ಕೆಳಗೂ ಊರು, ತಾರೀಕು, ಗಂಟೆ ಬರೆದಿದ್ದೇನೆ. ಹದಿನಾಲ್ಕನೆಯದನ್ನು ಕತ್ತರಿಸದೆ ಪೂರ್ತಿಯಾಗಿ ಹಾಕಿದ್ದೇನೆ, ಕೋಡಿಯ ಗೋಡೆ, ಪ್ಲಾಸ್ಟಿಕ್ ಕವರು ಎಲ್ಲ ಸೇರಿ. ಕೆಳಗೆ "ವರ್ತೂರು ಕೆರೆ, ನೊರೆ" ಅಂತ ಬರೆದಿದೆ. ಅದರ ಎದುರಿಗೆ ಹೆಚ್ಚು ಜನ ನಿಲ್ಲುತ್ತಿದ್ದಾರೆ ಅಂತ ಈಗ ಯಾರೋ ಹೇಳಿದರು. ನನಗೆ ಸಂತೋಷ.

ಇಷ್ಟು ಹೇಳಿ ಮಕ್ಕಳಿಗೆ ಒಂದು ಕೆಲಸ ಕೊಟ್ಟು ಮುಗಿಸುತ್ತೇನೆ. ನಮ್ಮ ವಯಸ್ಸಿನವರು ನಾಲ್ಕು ಜನ ಸೇರಿದರೆ, ಮೊದಲಿನ ಮಂಜು ಈಗಿಲ್ಲ ಅನ್ನುತ್ತೇವೆ. ನಿಜವಿರಬಹುದು. ಆದರೆ ಈ ಊರಿನಲ್ಲಿ ಯಾರ ಹತ್ತಿರವೂ ಲೆಕ್ಕವಿಲ್ಲ. ವಿಮಾನ ನಿಲ್ದಾಣದಲ್ಲಿ ಲೆಕ್ಕವಿದೆ. ಮಂಜು ಬಿದ್ದರೆ ವಿಮಾನ ಹಾರುವುದು ತಡವಾಗುತ್ತದೆ, ಅದಕ್ಕಾಗಿ ಜಕ್ಕೂರಿನ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅಲ್ಲಿ ಮಂಜನ್ನೇ ಅಭ್ಯಾಸ ಮಾಡಿದ್ದಾರೆ. ನಾವೂ ನಮ್ಮ ಮಟ್ಟಿಗೆ ಮಾಡಬಹುದು. ಹವಾಮಾನದವರ ಲೆಕ್ಕದಲ್ಲಿ ಒಂದು ಕಿಲೋಮೀಟರ್ ಆಚೆಗಿನದು ಕಾಣದಿದ್ದರೆ ಅದು ಮಂಜು. ನಮ್ಮ ಶಾಲೆಯ ಜಗುಲಿಯಲ್ಲಿ ನಿಂತರೆ ಮೊದಲು ಧ್ವಜಸ್ತಂಭ, ಆಮೇಲೆ ಅರಳಿಕಟ್ಟೆ, ಅದರಾಚೆ ನೀರಿನ ಟ್ಯಾಂಕು, ಸುಮಾರು ಒಂದು ಕಿಲೋಮೀಟರ್ ಆಚೆಗೆ ಹೊಸ ಅಪಾರ್ಟ್‌ಮೆಂಟು. ಎಸ್ಸೆಸ್ಸೆಲ್ಸಿ ವಿಶೇಷ ತರಗತಿಗೆ ಬೆಳಿಗ್ಗೆ ಬೇಗ ಬರುವ ಮಕ್ಕಳು ಪ್ರತಿದಿನ ಬರೆದಿಡಿ: ತಾರೀಕು, ಗಂಟೆ, ಇವತ್ತು ಎಲ್ಲಿಯವರೆಗೆ ಕಂಡಿತು. ಅಪಾರ್ಟ್‌ಮೆಂಟು ಕಾಣದಿದ್ದರೆ ಮಂಜು ಅಂತ ಬರೆಯಿರಿ. ಹೊಗೆಯ ವಾಸನೆ ಬಂದರೆ ಅದನ್ನೂ ಬರೆಯಿರಿ. ಏನೂ ಇಲ್ಲದಿದ್ದರೆ ಏನೂ ಇಲ್ಲ ಅಂತಲೇ ಬರೆಯಿರಿ. ಹತ್ತು ವರ್ಷ ಬರೆದರೆ ಆ ಪುಸ್ತಕ ನನ್ನ ಹದಿನಾಲ್ಕು ಫೋಟೋಗಿಂತ ಬೆಲೆಬಾಳುತ್ತದೆ. ಶಾಲೆಯ ವಜ್ರ ಮಹೋತ್ಸವಕ್ಕೆ ಅದನ್ನು ಪ್ರದರ್ಶನಕ್ಕೆ ಇಡಬಹುದು.

ಆ ಪುಸ್ತಕವನ್ನು ತಂದಿದ್ದೇನೆ, ಇನ್ನೂರು ಪುಟದ ಗಟ್ಟಿ ರಟ್ಟಿನ ಲೆಡ್ಜರ್. ಜೊತೆಗೆ ನನ್ನ ಹಳೆಯ ಡಿಜಿಟಲ್ ಕ್ಯಾಮೆರಾ ಒಂದನ್ನು ಶಾಲೆಗೆ ಕೊಡುತ್ತಿದ್ದೇನೆ. ಬ್ಯಾಟರಿ ಹೊಸದು. ಒಂದೇ ಷರತ್ತು: ಅದರಲ್ಲಿ ತೆಗೆದ ಯಾವ ಫೋಟೋ ಗೋಡೆಗೆ ಬಂದರೂ ಕೆಳಗೆ ನಿಜವಾದ ಊರು, ನಿಜವಾದ ತಾರೀಕು ಇರಬೇಕು. ಚೆಂದ ಕಾಣದಿದ್ದರೂ ಪರವಾಗಿಲ್ಲ.

ಲೆಡ್ಜರಿನ ಮೊದಲ ಸಾಲನ್ನು ಇವತ್ತು ಬೆಳಿಗ್ಗೆ ಏಳು ಗಂಟೆಗೆ ಮೇಷ್ಟ್ರ ಕೈಯಲ್ಲೇ ಬರೆಸಿದ್ದೇನೆ. ಅವರು ಜಗುಲಿಯಲ್ಲಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ನೀರಿನ ಟ್ಯಾಂಕು ಕಾಣುತ್ತದೆ. ಅಪಾರ್ಟ್‌ಮೆಂಟು ಮಸುಕು. ನನ್ನ ಕಣ್ಣಿನ ಪೊರೆಯೂ ಕಾರಣವಿರಬಹುದು, ಮಕ್ಕಳು ಇನ್ನೊಮ್ಮೆ ನೋಡಲಿ" ಅಂತ ಬರೆದಿದ್ದಾರೆ. ನಾಳೆಯ ಸಾಲು ನಿಮ್ಮದು ಮಕ್ಕಳೇ.